ತಿರುಳಿನೊಳಗಣ ಉಪ್ಪು

ಭದ್ರಾವತಿಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಕಬ್ಬಿಣದಿಂದ ಮೊದಲುಮಾಡುವರು. ಆದರೆ ಆ ಊರಿನ ಎರಡು ಮಹಾ ಕಾರ್ಖಾನೆಗಳನ್ನೂ ಆರಂಭದಲ್ಲಿ ಪೋಷಿಸಿದುದು ಮಲೆನಾಡಿನ ಕಾಡೇ ಎಂಬ ಸಂಗತಿ ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಗೆ ಬೆಂಕಿ ಹೊತ್ತಿಸಿದಾಗ ಅದಿರನ್ನು ಕರಗಿಸಲು ಒದಗಿದುದು ಗಣಿಯ ಕಲ್ಲಿದ್ದಲಲ್ಲ. ಸುತ್ತಣ ಅರಣ್ಯದ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ, ಗಾಳಿಯ ಸೋಂಕಿಲ್ಲದಂತೆ ಕಾಯಿಸಿ ಪಡೆದ ಮರದ ಇದ್ದಲು. ಅದಾದ ಮೇಲೆ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು; ಅದಕ್ಕೆ ಮಲೆನಾಡಿನ ಬಿದಿರು ಕಚ್ಚಾವಸ್ತುವಾಯಿತು. ಹೀಗೆ ಭದ್ರಾ ನದಿಯ ದಂಡೆಯ ಮೇಲೆ ಒಂದು ಕಡೆ ಕಾಡನ್ನು ಸುಟ್ಟು ಇಂಗಾಲವನ್ನು ಉಳಿಸಿಕೊಂಡರು, ಇನ್ನೊಂದು ಕಡೆ ಕಾಡನ್ನು ಬೇಯಿಸಿ ನಾರನ್ನು ಉಳಿಸಿಕೊಂಡರು. ಅತಿಯಾಗಿ ಕಾದ ಇದ್ದಲು ವಿದ್ಯುತ್ತನ್ನು ಹರಿಯಗೊಡುವುದು, ಚೆನ್ನಾಗಿ ಒಣಗಿದ ನಾರು ಅದನ್ನು ತಡೆದು ನಿಲ್ಲಿಸುವುದು. ಒಂದೇ ಕಾಡಿನಿಂದ ಹುಟ್ಟಿದ ಈ ಎರಡು ವಸ್ತುಗಳಲ್ಲಿ ಎರಡನೆಯದರ ಗುಣವನ್ನು, ಅಂದರೆ ಕಾಗದವು ವಿದ್ಯುತ್ತನ್ನು ಯಾವ ಬಲದಿಂದ ತಡೆಯುತ್ತದೆ ಮತ್ತು ಆ ಬಲ ಎಲ್ಲಿ ಸೋಲುತ್ತದೆ ಎಂಬುದನ್ನು, ಈ ಅಧ್ಯಾಯದಲ್ಲಿ ವಿಚಾರಿಸೋಣ.

ಕಾಗದವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪುಸ್ತಕ, ಪತ್ರಿಕೆ, ಅರ್ಜಿ, ರಸೀತಿಗಳು. ಆದರೆ ಶಿವಮೊಗ್ಗದಲ್ಲಿ ಎಂ.ಆರ್.ಎಸ್. ಎಂಬ ಮೂರಕ್ಷರಗಳಿಂದಲೇ ಪರಿಚಿತವಾದ ವಿದ್ಯುತ್ ಸ್ವೀಕರಣ ಕೇಂದ್ರದ ಬೇಲಿಯಾಚೆ ನಿಂತಿರುವ ದೊಡ್ಡ ಪರಿವರ್ತಕಗಳ ಒಡಲಲ್ಲಿ ಒಂದಕ್ಷರವೂ ಬರೆಯದ ಕಾಗದವು ಹೇರಳವಾಗಿದೆ. ಶರಾವತಿಯ ವಿದ್ಯುದಾಗಾರದಲ್ಲಿ, ಒಟ್ಟು 1035 ಮೆಗಾವಾಟ್ ಸಾಮರ್ಥ್ಯದ ಹತ್ತು ಯಂತ್ರಗಳಿಂದ 11,000 ವೋಲ್ಟಿನಲ್ಲಿ ಹುಟ್ಟುವ ವಿದ್ಯುತ್ತನ್ನು 2,20,000 ವೋಲ್ಟಿಗೆ ಏರಿಸಿ ಘಟ್ಟದ ಮೇಲಣ ತಂತಿಗಳಲ್ಲಿ ಕಳುಹಿಸುವುದಕ್ಕೂ, ಊರಿಗೆ ಬಂದ ಮೇಲೆ ಅದನ್ನು ಹಂತ ಹಂತವಾಗಿ ಇಳಿಸುವುದಕ್ಕೂ ಬೇಕಾದುದು ಪರಿವರ್ತಕಗಳು. ಆ ಪರಿವರ್ತಕಗಳ ತಾಮ್ರದ ಪಟ್ಟಿಗಳಿಗೆ ಸುತ್ತಿರುವುದು ಎಣ್ಣೆಯಲ್ಲಿ ನೆನೆದ ಕಂದು ಬಣ್ಣದ ಕಾಗದ. ಹಳ್ಳಿಯ ಕಂಬಗಳ ನಡುವೆ ಕುಳಿತು, ಜನರ ಬಾಯಲ್ಲಿ ‘ಟಿ.ಸಿ.’ ಎಂದೇ ಕರೆಸಿಕೊಳ್ಳುವ ಸಣ್ಣ ಪರಿವರ್ತಕದ ಒಳಗೂ ಇರುವುದು ಅದೇ ಕಾಗದ. ತಾಮ್ರವೂ ಉಕ್ಕೂ ಹತ್ತಾರು ವರ್ಷಗಳಲ್ಲಿ ಹೇಳಿಕೊಳ್ಳುವಷ್ಟು ಕೆಡುವುದಿಲ್ಲ. ಎಣ್ಣೆಯನ್ನು ಸೋಸಿ ಶುದ್ಧಿ ಮಾಡಬಹುದು, ಬೇಕಾದರೆ ಬದಲಿಸಲೂ ಬಹುದು. ಕಾಗದವನ್ನು ಮಾತ್ರ ಬದಲಿಸಬೇಕೆಂದರೆ ಪರಿವರ್ತಕವನ್ನೇ ಬಿಚ್ಚಿ ಹೊಸದಾಗಿ ಸುತ್ತಬೇಕು. ಆದುದರಿಂದ ಪರಿವರ್ತಕದ ಆಯುಸ್ಸೆಂದರೆ ವಾಸ್ತವದಲ್ಲಿ ಅದರೊಳಗಣ ಕಾಗದದ ಆಯುಸ್ಸೇ.

ಕಾಗದಕ್ಕೆ ಈ ಉದ್ಯೋಗ ದೊರೆತುದು ಇತ್ತೀಚೆಗಲ್ಲ. ಲಂಡನ್ನಿನ ಡೆಪ್ಟ್‌ಫರ್ಡ್ ವಿದ್ಯುದಾಗಾರದಿಂದ ನಗರದೊಳಕ್ಕೆ 10,000 ವೋಲ್ಟಿನ ವಿದ್ಯುತ್ತನ್ನು ಕೊಂಡೊಯ್ಯಬೇಕಾದಾಗ ಫೆರಾಂಟಿ ಎಂಬ ತರುಣ ಎಂಜಿನಿಯರನು, ಒಂದರೊಳಗೊಂದು ಸೇರಿಸಿದ ತಾಮ್ರದ ಕೊಳವೆಗಳ ನಡುವೆ ಮೇಣದಲ್ಲಿ ನೆನೆಸಿದ ಕಂದು ಕಾಗದವನ್ನು ತುಂಬಿ, 1890ರ ಸುಮಾರಿಗೆ ಆ ಕೆಲಸವನ್ನು ಸಾಧಿಸಿದನು. ಅದಾದ ಹನ್ನೆರಡು ವರ್ಷಗಳಿಗೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು ನಮ್ಮ ಮೈಸೂರು ಸಂಸ್ಥಾನವು ಲೋಕದ ಗಮನವನ್ನು ಸೆಳೆಯಿತು. ಅಂದಿನಿಂದ ಇಂದಿನವರೆಗೆ ರಬ್ಬರು, ಅಭ್ರಕ, ಪಿಂಗಾಣಿ, ಬಗೆಬಗೆಯ ಪ್ಲಾಸ್ಟಿಕ್ಕುಗಳು ಎಷ್ಟೋ ಬಂದರೂ ಎಣ್ಣೆ ತುಂಬಿದ ದೊಡ್ಡ ಪರಿವರ್ತಕದೊಳಗಿನಿಂದ ಕಾಗದವನ್ನು ಹೊರಡಿಸಲು ಯಾವುದಕ್ಕೂ ಆಗಿಲ್ಲ.

ಹಾಗಾದರೆ ಯಾವ ಕಾಗದವಾದರೂ ಈ ಕೆಲಸಕ್ಕೆ ಸಲ್ಲುವುದೆ? ಭದ್ರಾವತಿಯ ಪೇಪರ್ ಟೌನಿನಲ್ಲಿ ತಯಾರಾಗುತ್ತಿದ್ದ ಬರವಣಿಗೆಯ ಹಾಳೆಯನ್ನೋ ಪತ್ರಿಕೆಯ ಕಾಗದವನ್ನೋ ಸೀಳಿ ತಾಮ್ರಕ್ಕೆ ಸುತ್ತಿದರೆ ಸಾಲದೆ? ಸಾಲದು. ಏಕೆ ಸಾಲದೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕಾಗದದ ಮೇಲ್ಮೈಯನ್ನು ಬಿಟ್ಟು, ನಾರಿನ ರಾಶಿಯಾದ ತಿರುಳಿನೊಳಕ್ಕೆ, ತಿರುಳಿನಿಂದ ನಾರಿನೊಳಕ್ಕೆ, ನಾರಿನಿಂದ ಅಣುವಿನೊಳಕ್ಕೆ ಇಳಿಯಬೇಕಾಗುತ್ತದೆ.

ಮರವನ್ನು ಕಟ್ಟಿರುವ ದ್ರವ್ಯಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಸೆಲ್ಯುಲೋಸ್, 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಇದನ್ನು ಬೇರ್ಪಡಿಸಿ ಗುರುತಿಸಿದನು. ಒಣಮರದ ತೂಕದಲ್ಲಿ ನೂರಕ್ಕೆ 40ರಿಂದ 45 ಪಾಲು ಇದೇ ಇರುವುದು. ಗ್ಲೂಕೋಸ್ ಸಕ್ಕರೆಯ ಘಟಕಗಳು ಕವಲಿಲ್ಲದೆ ಒಂದಕ್ಕೊಂದು ಜೋಡಣೆಗೊಂಡು ಸಾವಿರಾರು ಕೊಂಡಿಗಳ ನೀಳವಾದ ಸರಪಣಿಯಾಗುತ್ತವೆ. ಅಂಥ ಸರಪಣಿಗಳು ಪಕ್ಕಪಕ್ಕದಲ್ಲಿ ಒತ್ತಾಗಿ ಮಲಗಿ ಹರಳಿನಂಥ ಬಿಗಿಯಾದ ಕಟ್ಟಡವನ್ನು ಪಡೆಯುತ್ತವೆ. ಎರಡನೆಯದು ಹೆಮಿಸೆಲ್ಯುಲೋಸ್ ಎಂಬ ಬಳಗ. ಇವೂ ಸಕ್ಕರೆಯ ಸರಪಣಿಗಳೇ ಆದರೂ ಗಿಡ್ಡವಾದುವು, ಕವಲೊಡೆದುವು, ನಾನಾ ಬಗೆಯ ಸಕ್ಕರೆಗಳಿಂದ ಕೂಡಿದುವು, ಹರಳುಗಟ್ಟದೆ ಸಡಿಲವಾಗಿ ಹರಡಿಕೊಂಡುವು. ಮೂರನೆಯದಾದ ಲಿಗ್ನಿನ್ ಸಕ್ಕರೆಯ ವಂಶದ್ದೇ ಅಲ್ಲ. ನಾರುಗಳನ್ನು ಒಂದಕ್ಕೊಂದು ಅಂಟಿಸಿ ಮರಕ್ಕೆ ಗಡಸುತನವನ್ನು ಕೊಡುವ, ಬಿಸಿಲಿಗೆ ಹಳದಿಯಾಗುವ ಜಟಿಲವಾದ ವಸ್ತು ಅದು. ಇವಲ್ಲದೆ ಬೇರಿನ ಮೂಲಕ ಮಣ್ಣಿನಿಂದೇರಿದ ಪೊಟಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಸಿಲಿಕವೂ ಸ್ವಲ್ಪ ಸ್ವಲ್ಪ ಇರುತ್ತವೆ. ಸುಟ್ಟಾಗ ಬೂದಿಯಾಗಿ ಉಳಿಯುವುದು ಇವೇ.

ಈ ಮೂರರಲ್ಲಿ ಸೆಲ್ಯುಲೋಸ್ ಸ್ವತಃ ಉತ್ತಮವಾದ ಅವಾಹಕ. ಲೋಹದಲ್ಲಿರುವಂತೆ ಅದರಲ್ಲಿ ಸ್ವೇಚ್ಛೆಯಾಗಿ ಅಲೆಯುವ ಎಲೆಕ್ಟ್ರಾನುಗಳಿಲ್ಲ. ಆದರೆ ಅದರ ಪ್ರತಿಯೊಂದು ಗ್ಲೂಕೋಸ್ ಘಟಕದಲ್ಲಿಯೂ ಮೂರು ಹೈಡ್ರಾಕ್ಸಿಲ್ ಗುಂಪುಗಳುಂಟು. ಜಲಜನಕವೂ ಆಮ್ಲಜನಕವೂ ಸೇರಿದ ಈ ಗುಂಪುಗಳಿಗೆ ನೀರಿನ ಮೇಲೆ ಅಪಾರವಾದ ಮೋಹ. ಹರಳುಗಟ್ಟಿದ ಭಾಗದಲ್ಲಿ ಅವು ತಮ್ಮತಮ್ಮಲ್ಲೇ ಕೈಹಿಡಿದು ನಿಂತಿರುವುದರಿಂದ ನೀರಿಗೆ ಒಳಗೆ ಎಡೆಯಿಲ್ಲ. ಸಡಿಲವಾದ ಭಾಗದಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಹೆಮಿಸೆಲ್ಯುಲೋಸಿನಲ್ಲಿಯೂ, ನೀರಿನ ಅಣುಗಳು ಧಾರಾಳವಾಗಿ ಬಂದು ನೆಲಸುತ್ತವೆ. ಮೂರರಲ್ಲಿ ಅತಿ ಹೆಚ್ಚು ತೇವವನ್ನು ಹೀರುವುದು ಹೆಮಿಸೆಲ್ಯುಲೋಸ್, ಅತಿ ಕಡಿಮೆ ಹೀರುವುದು ಲಿಗ್ನಿನ್. ಕಾಗದವು ತಾನಾಗಿ ಒಣಗಿ ಕುಳಿತಿರುವ ವಸ್ತುವೆಂದು ನಾವು ತಿಳಿಯುವುದು ಭ್ರಮೆ. ಗಾಳಿಯಲ್ಲಿ ಅರ್ಧದಷ್ಟು ಆರ್ದ್ರತೆ ಇರುವಾಗಲೇ ಅದರ ತೂಕದಲ್ಲಿ ನೂರಕ್ಕೆ 6ರಿಂದ 8 ಪಾಲು ನೀರಿರುತ್ತದೆ. ಆಷಾಢದ ಮಳೆ ಹಿಡಿದ ಮಲೆನಾಡಿನಲ್ಲಿ, ಕಪಾಟಿನ ಪುಸ್ತಕದ ಹಾಳೆ ಬೆರಳಿಗೆ ಮೆತ್ತಗಾಗಿ ತಗಲುವ ಆ ದಿನಗಳಲ್ಲಿ, ಅದು 12ರಿಂದ 15 ಪಾಲಿನವರೆಗೂ ಏರುವುದುಂಟು.

ನೀರು ಒಳಹೊಕ್ಕುದರಿಂದ ಆಗುವ ಅನರ್ಥವು ನಾವು ಊಹಿಸುವುದಕ್ಕಿಂತ ಬಹಳ ದೊಡ್ಡದು. ಸೆಲ್ಯುಲೋಸೇ ಆಗಿರುವ ಹತ್ತಿಯ ನೂಲಿನ ಮೇಲೆ ನಡೆದ ಪ್ರಯೋಗಗಳಿಂದ ತಿಳಿದಿರುವಂತೆ, ಅದರಲ್ಲಿನ ತೇವ ಇಮ್ಮಡಿಯಾದರೆ ವಿದ್ಯುತ್ತಿಗೆ ಅದು ಒಡ್ಡುವ ರೋಧವು ಅರ್ಧವಾಗುವುದಿಲ್ಲ, ಕಾಲುಭಾಗವಾಗುವುದಿಲ್ಲ, ಸುಮಾರು ಸಾವಿರದಲ್ಲೊಂದು ಪಾಲಿಗೆ ಕುಸಿದುಬಿಡುತ್ತದೆ. ಆದರೆ ಇಲ್ಲೊಂದು ಸೋಜಿಗವಿದೆ. ಪರಿಶುದ್ಧವಾದ ನೀರು ತಾನೇ ದೊಡ್ಡ ವಾಹಕವಲ್ಲ. ಅದರಲ್ಲಿ ಕರಗಿದ ಲವಣದ ಅಯಾನುಗಳೇ ವಿದ್ಯುತ್ತನ್ನು ಹೊತ್ತು ನಡೆಯುವುವು. ಹಾಗಿದ್ದ ಮೇಲೆ ಕಾಗದವನ್ನು ಕೆಡಿಸುವುದು ನೀರೊಂದೇ ಅಲ್ಲ, ನೀರನ್ನು ದಾರಿಯಾಗಿ ಮಾಡಿಕೊಂಡು ಚಲಿಸುವ ಉಪ್ಪು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮರ್ಫಿ ಮತ್ತು ವಾಕರ್ ಎಂಬ ವಿಜ್ಞಾನಿಗಳು ಈ ವಿಷಯವನ್ನು ವಿಚಾರಿಸಿ 1928ರಲ್ಲಿ ಪ್ರಕಟಿಸಿದ ಫಲಿತಾಂಶವು ನನಗೆ ಈ ಇಡೀ ಶಾಸ್ತ್ರದಲ್ಲಿಯೇ ಅತ್ಯಂತ ಹೃದ್ಯವಾದುದೆಂದು ತೋರುತ್ತದೆ. ಟೆಲಿಫೋನಿನ ತಂತಿಗಳಿಗೆ ಹೊದಿಸುತ್ತಿದ್ದ ಹತ್ತಿಯ ನೂಲನ್ನು ಅವರು ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದರು. ಹತ್ತಿಯಲ್ಲಿ ಸಹಜವಾಗಿದ್ದ ಸೋಡಿಯಂ, ಪೊಟಾಸಿಯಂ ಲವಣಗಳು ನೀರಿನೊಡನೆ ಹೋದುವು. ಅಷ್ಟರಿಂದಲೇ ನೂಲಿನ ವಿದ್ಯುದ್ರೋಧ ಹತ್ತಾರು ಮಡಿ ಏರಿತು. ನಾರು ಅದೇ, ಹೀರುವ ತೇವವೂ ಹೆಚ್ಚು ಕಡಿಮೆ ಅಷ್ಟೇ, ಹೋದುದು ಉಪ್ಪೊಂದೇ. ಬೆಲೆಬಾಳುವ ರೇಷ್ಮೆಯನ್ನು ಬಿಟ್ಟು ತೊಳೆದ ಹತ್ತಿಯನ್ನೇ ಬಳಸಲು ಟೆಲಿಫೋನ್ ಉದ್ಯಮಕ್ಕೆ ಇದರಿಂದ ಧೈರ್ಯ ಬಂದಿತು.

ಈಗ ಕಾಗದದ ಕಾರ್ಖಾನೆಯ ಅಡುಗೆಗೆ ಬರೋಣ. ಭದ್ರಾವತಿಯಲ್ಲಾಗಲಿ ದಾಂಡೇಲಿಯಲ್ಲಾಗಲಿ ಬಿದಿರನ್ನು ಚೂರುಚೂರಾಗಿ ಕತ್ತರಿಸಿ, ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ದ್ರಾವಣದೊಡನೆ ಡೈಜೆಸ್ಟರ್ ಎಂಬ ಎತ್ತರವಾದ ಉಕ್ಕಿನ ಪಾತ್ರೆಗೆ ತುಂಬಿ, 160ರಿಂದ 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒತ್ತಡದೊಡನೆ ಬೇಯಿಸುವ ವಿಧಾನಕ್ಕೆ ಕ್ರಾಫ್ಟ್ ವಿಧಾನವೆಂದು ಹೆಸರು. ಜರ್ಮನಿಯಲ್ಲಿ ಕಾರ್ಲ್ ಡಾಲ್ ಎಂಬಾತನು 1880ರ ಆಸುಪಾಸಿನಲ್ಲಿ ಇದನ್ನು ರೂಪಿಸಿದನು. ಬೇಯುವಾಗ ಲಿಗ್ನಿನ್ ಬಹುಮಟ್ಟಿಗೆ ಕರಗಿ ಕಪ್ಪು ದ್ರವವಾಗಿ ಹರಿದುಹೋಗುತ್ತದೆ. ಹೆಮಿಸೆಲ್ಯುಲೋಸಿನಲ್ಲಿ ಒಂದು ಭಾಗ ಕರಗುತ್ತದೆ, ಇನ್ನೊಂದು ಭಾಗ ನಾರಿನಲ್ಲೇ ಉಳಿಯುತ್ತದೆ. ಸೆಲ್ಯುಲೋಸಿನ ಸರಪಣಿಗಳು ಒಂದಿಷ್ಟು ತುಂಡಾದರೂ ಸಾವಿರ ಕೊಂಡಿಗಳ ಮೇಲೆಯೇ ಇರುತ್ತವೆ. ನಾರನ್ನು ಬಿಡಿಸಿಕೊಟ್ಟ ಉಪಕಾರಿಯೂ ಸೋಡಿಯಂ, ವಿದ್ಯುತ್ ಕಾಗದಕ್ಕೆ ಅಪಕಾರಿಯಾಗಿ ಉಳಿಯುವುದೂ ಸೋಡಿಯಮ್ಮೇ.

ತೊಳೆದರೆ ಹೋಗುವುದಿಲ್ಲವೆ? ಹೋಗುತ್ತದೆ, ಆದರೆ ಎಲ್ಲವೂ ಹೋಗುವುದಿಲ್ಲ; ಏಕೆ ಹೋಗುವುದಿಲ್ಲವೆಂಬಲ್ಲಿ ತಿರುಳಿನ ರಚನೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಹೆಮಿಸೆಲ್ಯುಲೋಸುಗಳಲ್ಲಿ ಝೈಲಾನ್ ಎಂಬುದೊಂದು. ನೀಲಗಿರಿ, ಅಕೇಶಿಯಾ ಮೊದಲಾದ ಅಗಲ ಎಲೆಯ ಮರಗಳಲ್ಲಿಯೂ ಬಿದಿರು, ಕಬ್ಬಿನ ಸಿಪ್ಪೆಗಳಲ್ಲಿಯೂ ಇದೇ ಪ್ರಧಾನವಾದ ಹೆಮಿಸೆಲ್ಯುಲೋಸ್. ಇದರ ಸರಪಣಿಯ ಅಲ್ಲಲ್ಲಿ ಗ್ಲುಕುರಾನಿಕ್ ಆಮ್ಲದ ಕವಲುಗಳಿದ್ದು, ಪ್ರತಿಯೊಂದು ಕವಲಿನ ತುದಿಯಲ್ಲಿಯೂ ಒಂದು ಕಾರ್ಬಾಕ್ಸಿಲ್ ಗುಂಪಿರುತ್ತದೆ. ಈ ಗುಂಪು ಋಣ ವಿದ್ಯುದಾವೇಶವನ್ನು ತಾಳಿ ತನ್ನ ಸಮೀಪಕ್ಕೆ ಬಂದ ಒಂದು ಧನ ಅಯಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರಿಯ ನೀರಿನಿಂದ ತೊಳೆದರೆ ಅದನ್ನು ಬಿಟ್ಟುಕೊಡುವುದಿಲ್ಲ. ನಾರುಗಳ ನಡುವೆ ಸುಮ್ಮನೆ ತಂಗಿರುವ ಉಪ್ಪು ಬೇರೆ, ಹೀಗೆ ನಾರಿಗೇ ಕಟ್ಟುಬಿದ್ದಿರುವ ಉಪ್ಪು ಬೇರೆ. ಮೊದಲನೆಯದನ್ನು ಅಕ್ಕಿ ತೊಳೆದಂತೆ ಮೂರು ನೀರು, ನಾಲ್ಕು ನೀರು ಹಾಕಿ ಕಳೆಯಬಹುದು. ಎರಡನೆಯದನ್ನು ಕಳೆಯಬೇಕಾದರೆ ತಿರುಳಿಗೆ ಸ್ವಲ್ಪ ಆಮ್ಲವನ್ನು ಸೋಕಿಸಿ ಸೋಡಿಯಮ್ಮನ್ನು ಹೊರದೂಡಿ, ಅನಂತರ ಅಯಾನುರಹಿತವಾದ ನೀರಿನಿಂದ ಪುನಃ ತೊಳೆಯಬೇಕು. ಇಲ್ಲವೆ ಸೋಡಿಯಮ್ಮಿನ ಸ್ಥಾನದಲ್ಲಿ ಎರಡು ಕೈಗಳುಳ್ಳ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಮ್ಮನ್ನು ಕೂಡಿಸಬೇಕು. ಎರಡು ಕಡೆ ಹಿಡಿತವಿರುವುದರಿಂದ ಅವು ಸೋಡಿಯಮ್ಮಿನಷ್ಟು ಸುಲಭವಾಗಿ ಕದಲುವುದಿಲ್ಲ.

ಕದಲುವುದೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗೆ ಬರುವ ವಿದ್ಯುತ್ತಿನ ದಿಕ್ಕು ಸೆಕೆಂಡಿಗೆ 50 ಆವರ್ತಗಳಲ್ಲಿ ಹಿಂದುಮುಂದಾಗುತ್ತಿರುತ್ತದೆ. ತಾಮ್ರದ ಸುತ್ತಣ ಕಾಗದದೊಳಗೂ ಅದೇ ಕ್ರಮದಲ್ಲಿ ವಿದ್ಯುತ್ಕ್ಷೇತ್ರವು ಅತ್ತಿಂದಿತ್ತ ತಿರುಗುತ್ತದೆ. ಅದರೊಡನೆ ಸೆಲ್ಯುಲೋಸಿನ ಧ್ರುವೀಯ ಗುಂಪುಗಳು ಹೊರಳಲು ಯತ್ನಿಸುತ್ತವೆ, ಕಟ್ಟು ಸಡಿಲವಾದ ಅಯಾನುಗಳು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಜಿಗಿಯುತ್ತವೆ. ಪ್ರತಿಯೊಂದು ಹೊರಳಿಕೆಯಲ್ಲಿಯೂ ಪ್ರತಿಯೊಂದು ಜಿಗಿತದಲ್ಲಿಯೂ ಒಂದು ಕಿಂಚಿತ್ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ಶಾಸ್ತ್ರಜ್ಞರು ಇದನ್ನು ಡೈಎಲೆಕ್ಟ್ರಿಕ್ ನಷ್ಟವೆನ್ನುತ್ತಾರೆ. ಕಾಗದ ತಣ್ಣಗಿರುವಾಗ ನಷ್ಟಕ್ಕೆ ಮುಖ್ಯ ಕಾರಣ ಮೊದಲನೆಯ ಬಗೆಯ ಹೊರಳಿಕೆ. ಅದು ಸೆಲ್ಯುಲೋಸಿನ ಸ್ವಭಾವವಾದುದರಿಂದ ಅದಕ್ಕೆ ಚಿಕಿತ್ಸೆಯಿಲ್ಲ. ಕಾಗದ ಬಿಸಿಯೇರಿ ನೂರು ಡಿಗ್ರಿಯ ಸಮೀಪಕ್ಕೆ ಬಂದಂತೆ ಅಯಾನುಗಳ ಜಿಗಿತವೇ ಮೇಲುಗೈಯಾಗುತ್ತದೆ; ಅಲ್ಲಿ ಶುದ್ಧವಾದ ಕಾಗದಕ್ಕೂ ಅಶುದ್ಧವಾದ ಕಾಗದಕ್ಕೂ ಅಜಗಜಾಂತರ ವ್ಯತ್ಯಾಸ ಕಾಣುತ್ತದೆ. ಈ ನಷ್ಟದಲ್ಲಿ ಒಂದು ವಿಷಚಕ್ರವೂ ಅಡಗಿದೆ: ನಷ್ಟದಿಂದ ಶಾಖ, ಶಾಖದಿಂದ ಅಯಾನುಗಳಿಗೆ ಇನ್ನಷ್ಟು ಚಲನೆ, ಚಲನೆಯಿಂದ ಇನ್ನಷ್ಟು ನಷ್ಟ, ಶಾಖ ಹೊರಹೋಗಲು ಮಾರ್ಗವಿಲ್ಲದಿದ್ದರೆ ಕಾಗದವು ತಾನೇ ಬೆಂದು ಛಿದ್ರವಾಗುವವರೆಗೂ ಇದು ನಡೆಯುತ್ತದೆ.

ಇನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕದ, ಅಂದರೆ ವಿದ್ಯುತ್ಕ್ಷೇತ್ರಕ್ಕೆ ವಸ್ತುವು ಎಷ್ಟರಮಟ್ಟಿಗೆ ಓಗೊಟ್ಟು ಹೊರಳುವುದೆಂಬ ಅಳತೆಯ, ಮಾತು. ನಿರ್ವಾತಕ್ಕೆ ಇದನ್ನು 1 ಎಂದಿಟ್ಟುಕೊಂಡರೆ ಪರಿವರ್ತಕದ ಎಣ್ಣೆಗೆ 2.2, ಸೆಲ್ಯುಲೋಸಿಗೆ ಸುಮಾರು 6, ನೀರಿಗೆ 80ರ ಸಮೀಪ. ಕಾಗದವು ನಾರು ಮತ್ತು ರಂಧ್ರಗಳ ಮಿಶ್ರಣವಾದುದರಿಂದ, ಆ ರಂಧ್ರಗಳಿಗೆ ಎಣ್ಣೆ ತುಂಬಿದ ಮೇಲೆ ಅದರ ಸ್ಥಿರಾಂಕವು ಎರಡರ ನಡುವೆ, ಮೂರೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾಗದವನ್ನೂ ಎಣ್ಣೆಯನ್ನೂ ಸರದಿಯಾಗಿ ಇಟ್ಟಲ್ಲಿ ಸ್ಥಿರಾಂಕ ಕಡಿಮೆಯಿರುವ ಎಣ್ಣೆಯ ಮೇಲೆಯೇ ವಿದ್ಯುತ್ತಿನ ಒತ್ತಡ ಹೆಚ್ಚಾಗಿ ಬೀಳುವುದು. ಆದುದರಿಂದ ತಿರುಳನ್ನು ಎಷ್ಟು ಅರೆಯಬೇಕು, ಹಾಳೆಯನ್ನು ಎಷ್ಟು ಒತ್ತಾಗಿ ಮಾಡಬೇಕು ಎಂಬುದೆಲ್ಲ ವಿದ್ಯುತ್ ಎಂಜಿನಿಯರನ ಲೆಕ್ಕಾಚಾರಕ್ಕೆ ಬರುತ್ತದೆ. ರಂಧ್ರಗಳಲ್ಲಿ ಗಾಳಿಯೇ ಉಳಿದುಬಿಟ್ಟರಂತೂ ಗಂಡಾಂತರ; ಗಾಳಿಯು ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್ ಒತ್ತಡಕ್ಕೇ ಸಿಡಿದು ಕಿಡಿಯಾಗುತ್ತದೆ.

ಬರೆಯುವ ಕಾಗದ ಈ ಕೆಲಸಕ್ಕೆ ಏಕೆ ಸಲ್ಲದೆಂಬುದನ್ನು ಈಗ ಸುಲಭವಾಗಿ ತಿಳಿಯಬಹುದು. ಶಾಯಿ ಹರಡದಿರಲೆಂದು ಅದಕ್ಕೆ ರಾಳವನ್ನೂ, ರಾಳ ನಾರಿಗೆ ಅಂಟಿಕೊಳ್ಳಲೆಂದು ಪಟಿಕವನ್ನೂ ಬೆರೆಸುವುದು ಬಹುಕಾಲದ ರೂಢಿ. ಪಟಿಕವೆಂದರೆ ಅಲ್ಯುಮಿನಿಯಂ ಸಲ್ಫೇಟ್, ಅಂದರೆ ಉಪ್ಪೂ ಹೌದು, ಆಮ್ಲಸ್ವಭಾವವೂ ಹೌದು. ಹಿಂಬದಿಯ ಅಕ್ಷರ ಈ ಬದಿಗೆ ಕಾಣದಿರಲೆಂದು ಬಳಪದ ಕಲ್ಲಿನ ಪುಡಿಯನ್ನೋ ಜೇಡಿಯನ್ನೋ ಸೇರಿಸುತ್ತಾರೆ. ಬೆಳ್ಳಗೆ ಕಾಣಲೆಂದು ಕ್ಲೋರಿನ್ನನ್ನೋ ಅದರ ಸಂಯುಕ್ತಗಳನ್ನೋ ಬಳಸಿ ಬಿಳಿಚಿಸುತ್ತಾರೆ. ಅದರಿಂದ ಸೆಲ್ಯುಲೋಸಿನ ಸರಪಣಿಗಳು ತುಂಡಾಗುವುದಲ್ಲದೆ ಹೊಸ ಕಾರ್ಬಾಕ್ಸಿಲ್ ಗುಂಪುಗಳೂ ಕ್ಲೋರೈಡಿನ ಶೇಷವೂ ತಿರುಳಿನಲ್ಲಿ ಉಳಿಯಬಹುದು. ಕಣ್ಣಿಗೂ ಲೇಖನಿಗೂ ಹಿತವಾದ ಗುಣಗಳೆಲ್ಲವೂ ವಿದ್ಯುತ್ತಿನ ದೃಷ್ಟಿಯಲ್ಲಿ ದೋಷಗಳು. ಪತ್ರಿಕೆಯ ಕಾಗದದ ಕಥೆ ಬೇರೆ: 1980ರ ದಶಕದಲ್ಲಿ ಭದ್ರಾವತಿಯೂ ಆ ಕಾಗದವನ್ನು ತಯಾರಿಸತೊಡಗಿತಷ್ಟೆ, ಅಂಥ ಕಾಗದದಲ್ಲಿ ಮರವನ್ನು ಪೂರ್ತಿ ಬೇಯಿಸದೆ ಯಂತ್ರದಿಂದ ಅರೆದ ತಿರುಳು ಬಹುಭಾಗವಿದ್ದು ಲಿಗ್ನಿನ್ ಅದರಲ್ಲೇ ಉಳಿದಿರುತ್ತದೆ, ನಾರುಗಳು ಮುರಿದು ಗಿಡ್ಡವಾಗಿರುತ್ತವೆ, ಹಾಳೆ ಬಲಹೀನವಾಗಿರುತ್ತದೆ. ಇದಕ್ಕೆ ತೀರ ವಿರುದ್ಧವಾದ ಒಂದು ಉದಾಹರಣೆಯನ್ನೂ ಹೇಳಬೇಕು. ಜೆರಾಕ್ಸ್ ಯಂತ್ರಕ್ಕೆ ಬಳಸುವ ಕಾಗದ ಅತಿಯಾಗಿ ವಿದ್ಯುತ್ತನ್ನು ತಡೆದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರದಲ್ಲಿ ಸಿಕ್ಕಿಬೀಳುವುವು. ಅತಿ ಕಡಿಮೆ ತಡೆದರೆ ಪುಡಿಶಾಯಿ ಕಾಗದಕ್ಕೆ ಸರಿಯಾಗಿ ವರ್ಗಾವಣೆಯಾಗದು. ಆದುದರಿಂದ ಅಂಥ ಕಾಗದದ ಮೇಲ್ಮೈಗೆ ಅಳತೆಯರಿತು ಉಪ್ಪನ್ನು ಹಚ್ಚುವುದೇ ಉಂಟು.

ಪರಿವರ್ತಕದ ಕಾಗದಕ್ಕೆ ಲೋಕದಲ್ಲೆಲ್ಲ ಮೊದಲ ಆಯ್ಕೆ ಶೀತಪ್ರದೇಶದ ಸೂಚಿಪರ್ಣಿ ಮರಗಳಿಂದ ಬಂದ, ಬಿಳಿಚಿಸದ ಕ್ರಾಫ್ಟ್ ತಿರುಳು. ಪೈನ್, ಸ್ಪ್ರೂಸ್ ಮರಗಳ ನಾರು ಸುಮಾರು 3 ಮಿಲಿಮೀಟರ್ ಉದ್ದವಾಗಿರುವುದರಿಂದ ಹಾಳೆಗೆ ಬಲ ಹೆಚ್ಚು. ತಾಮ್ರದ ಮೇಲೆ ಬಿಗಿಯಾಗಿ ಎಳೆದು ಸುತ್ತುವಾಗ ಹರಿಯದಿರಲು ಈ ಬಲ ಅತ್ಯಗತ್ಯ. ನೀಲಗಿರಿಯ ನಾರು ಒಂದು ಮಿಲಿಮೀಟರಿನಷ್ಟೂ ಇರುವುದಿಲ್ಲ. ಅಲ್ಲದೆ ಸೂಚಿಪರ್ಣಿಗಳ ಹೆಮಿಸೆಲ್ಯುಲೋಸಿನಲ್ಲಿ ಆಮ್ಲದ ಕವಲಿಲ್ಲದ ಬಗೆಯೇ ಹೆಚ್ಚು. ಬಿಳಿಚಿಸದ ಈ ತಿರುಳಿನಲ್ಲಿ ನೂರಕ್ಕೆ 3ರಿಂದ 6 ಪಾಲಿನಷ್ಟು ಲಿಗ್ನಿನ್ ಉಳಿದಿದ್ದು, ಕಾಗದದ ಕಂದು ಬಣ್ಣಕ್ಕೆ ಅದೇ ಕಾರಣ. ಆ ಕಂದು ಬಣ್ಣವನ್ನು ಕಂಡು ಅದನ್ನು ಕೀಳು ಕಾಗದವೆಂದು ಯಾರೂ ಭಾವಿಸಬಾರದು; ಬಿಳಿಚಿಸುವ ಹಿಂಸೆಯಿಂದ ಪಾರಾಗಿ ಬಂದಿದೆಯೆಂಬುದಕ್ಕೆ ಅದೇ ಪ್ರಮಾಣಪತ್ರ.

ಹಾಗೆಂದು ನಮ್ಮ ಬಿದಿರು ಈ ಕೆಲಸಕ್ಕೆ ಅನರ್ಹವೆಂದು ತೀರ್ಪುಕೊಡುವುದು ನನಗೆ ಸರಿದೋರುವುದಿಲ್ಲ. ಬಿದಿರಿನ ನಾರು 2 ಮಿಲಿಮೀಟರಿಗೆ ಮೇಲೆಯೇ ಇದ್ದು ನೀಲಗಿರಿಗಿಂತ ಬಹಳ ಉದ್ದವಾದುದು. ಅದರ ಮೇಲಿನ ದೊಡ್ಡ ಆಕ್ಷೇಪಣೆ ಬೂದಿಯದು. ಹುಲ್ಲಿನ ಜಾತಿಯಾದುದರಿಂದ ಬಿದಿರು ಮಣ್ಣಿನಿಂದ ಸಿಲಿಕವನ್ನೂ ಪೊಟಾಸಿಯಮ್ಮನ್ನೂ ಮರಗಳಿಗಿಂತ ಹೆಚ್ಚಾಗಿ ಎತ್ತಿಕೊಳ್ಳುತ್ತದೆ. ಇವುಗಳಲ್ಲಿ ಸಿಲಿಕವು ನಿರಪರಾಧಿ. ಮರಳಿನ ಸಾರವೇ ಆಗಿರುವ ಅದು ತಾನೇ ಅವಾಹಕ. ಕಾರ್ಖಾನೆಯ ಯಂತ್ರಗಳನ್ನು ಸವೆಸಿ, ಕಪ್ಪು ದ್ರವದಿಂದ ಕ್ಷಾರವನ್ನು ಮರಳಿ ಪಡೆಯುವ ಕೆಲಸಕ್ಕೆ ತೊಡಕಾಗುವುದೇ ಅದರ ದೋಷ. ಪೊಟಾಸಿಯಂ ಅಪರಾಧಿ ನಿಜ. ಆದರೆ ಅದು ಸುಲಭವಾಗಿ ಕರಗುವ ಲವಣ, ತೊಳೆದರೆ ಹೋಗತಕ್ಕದ್ದು. ವಿದ್ಯುತ್ತು ಕಾಗದದ ಕುಲಗೋತ್ರವನ್ನು ವಿಚಾರಿಸುವುದಿಲ್ಲ. ಬೆಂದು ತೊಳೆದ ಮೇಲೆ ಅದರಲ್ಲಿ ಉಳಿದಿರುವುದೇನು ಎಂಬುದನ್ನು ಮಾತ್ರ ವಿಚಾರಿಸುತ್ತದೆ. ಮರದ ಜಾತಿಗಿಂತ ತೊಳೆಯುವ ನೀರಿನ ಶುದ್ಧಿಗೆ ಇಲ್ಲಿ ಬೆಲೆ ಹೆಚ್ಚು.

ಇದನ್ನು ಪರೀಕ್ಷಿಸುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ವಿದ್ಯುತ್ ಕಾಗದದ ಗುಣನಿರ್ಣಯಕ್ಕಾಗಿ ತಜ್ಞರು ಅನುಸರಿಸುವ ಪರೀಕ್ಷೆಗಳಲ್ಲಿ ಒಂದು, ಕಾಗದವನ್ನು ಚೂರುಮಾಡಿ ಶುದ್ಧವಾದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಆ ಕಷಾಯವು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆಂದು ಅಳೆಯುವುದು. ಬ್ಯಾಟರಿ ಅಂಗಡಿಯಲ್ಲಿ ದೊರೆಯುವ ಡಿಸ್ಟಿಲ್ಡ್ ವಾಟರನ್ನು ತಂದು, ಒಂದೇ ಅಳತೆಯ ನಾಲ್ಕು ಗಾಜಿನ ಪಾತ್ರೆಗಳಲ್ಲಿ ಹಾಕಿ, ಮೂರರಲ್ಲಿ ಒಂದೇ ತೂಕದ ದಿನಪತ್ರಿಕೆ, ನೋಟ್‌ಬುಕ್ಕಿನ ಹಾಳೆ, ದಿನಸಿ ಕಟ್ಟಿಕೊಡುವ ಕಂದು ಕಾಗದಗಳನ್ನು ಹರಿದು ಹಾಕಿ, ನಾಲ್ಕನೆಯದನ್ನು ಹೋಲಿಕೆಗೆಂದು ಬರಿದಾಗಿ ಬಿಟ್ಟು ಕುದಿಸಬೇಕು. ಕುದಿದು ಇಂಗಿದಷ್ಟು ಅದೇ ನೀರನ್ನು ತುಂಬಿ, ತಣಿದ ಮೇಲೆ, ಕುಡಿಯುವ ನೀರನ್ನು ಪರೀಕ್ಷಿಸಲೆಂದು ಈಗ ಅನೇಕರ ಮನೆಯಲ್ಲಿರುವ ಟಿ.ಡಿ.ಎಸ್. ಮೀಟರನ್ನು ಒಂದೊಂದರಲ್ಲಿಯೂ ಅದ್ದಿ ನೋಡಬೇಕು. ಆ ಪುಟ್ಟ ಉಪಕರಣ ವಾಸ್ತವವಾಗಿ ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನೇ. ಬರಿಯ ನೀರಿನ ಅಂಕಿಗೂ ಕಾಗದ ಬೆಂದ ನೀರಿನ ಅಂಕಿಗೂ ಇರುವ ಅಂತರವೇ ಆ ಕಾಗದದೊಳಗಿದ್ದ, ಕರಗಬಲ್ಲ ಉಪ್ಪಿನ ಲೆಕ್ಕ. ಅದೇ ಕಾಗದದ ಚೂರುಗಳನ್ನು ಹಿಂಡಿ, ಹೊಸ ನೀರಿನಲ್ಲಿ ಎರಡನೆಯ ಸಲ, ಮೂರನೆಯ ಸಲ ಕುದಿಸಿದರೆ ಅಂಕಿ ಇಳಿಯುತ್ತ ಬರುವುದನ್ನೂ ಕಾಣಬಹುದು. ಕಾರ್ಖಾನೆಯವರು ತಿರುಳನ್ನು ಮತ್ತೆ ಮತ್ತೆ ತೊಳೆಯುವುದರ ಅರ್ಥ ಆಗ ಪ್ರತ್ಯಕ್ಷವಾಗುತ್ತದೆ.

ಎಷ್ಟೇ ಶುದ್ಧವಾದ ಕಾಗದವನ್ನು ಸುತ್ತಿದರೂ, ನಿರ್ವಾತದಲ್ಲಿ ಕಾಯಿಸಿ ಅದರ ತೇವವನ್ನು ನೂರಕ್ಕೆ ಅರ್ಧ ಪಾಲಿಗೂ ಕೆಳಗೆ ಇಳಿಸಿದರೂ, ಅದು ಶಾಶ್ವತವಲ್ಲ. ಪರಿವರ್ತಕದ ಅತ್ಯಂತ ಬಿಸಿಯಾದ ತಾಣದಲ್ಲಿ ಸಾಮಾನ್ಯ ಕ್ರಾಫ್ಟ್ ಕಾಗದಕ್ಕೆ 98 ಡಿಗ್ರಿಯನ್ನು ಮೇರೆಯಾಗಿ ಇಟ್ಟಿದ್ದಾರೆ. ಆ ಕಾವಿನಲ್ಲಿ ಸೆಲ್ಯುಲೋಸಿನ ಸರಪಣಿ ಒಂದೊಂದಾಗಿ ಕೊಂಡಿ ಕಳಚಿಕೊಳ್ಳುತ್ತ ಹೋಗುತ್ತದೆ. ಹೊಸದರಲ್ಲಿ ಸಾವಿರದ ಮೇಲಿದ್ದ ಸರಾಸರಿ ಕೊಂಡಿಗಳ ಸಂಖ್ಯೆ 200ಕ್ಕೆ ಇಳಿದಾಗ ಕಾಗದದ ಆಯುಸ್ಸು ಮುಗಿಯಿತೆಂದು ಲೆಕ್ಕ. ಆಗ ಅದು ಬೆರಳಿನ ನಡುವೆಯೇ ಪುಡಿಯಾಗುವಂತಿರುತ್ತದೆ. ಕಾವು 8 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುವುದೆಂದು ಮಾಂಟ್‌ಸಿಂಗರ್ ಎಂಬ ಎಂಜಿನಿಯರನು 1930ರಲ್ಲಿ ತೋರಿಸಿದನು. ಕೊಂಡಿ ಕಳಚಿದಂತೆಲ್ಲ ನೀರೂ ಆಮ್ಲಗಳೂ ಹುಟ್ಟುತ್ತವೆ, ಆ ನೀರೂ ಆಮ್ಲವೂ ಉಳಿದ ಕೊಂಡಿಗಳನ್ನು ಇನ್ನೂ ಬೇಗ ಕಳಚುತ್ತವೆ. ಟಿ.ಸಿ.ಯ ಪಕ್ಕದಲ್ಲಿ ತೂಗುವ ಬ್ರೀದರಿನ ನೀಲಿ ಹರಳು ಗುಲಾಬಿಯಾದುದನ್ನು ಕಂಡೂ ಬದಲಿಸದೆ ಬಿಟ್ಟರೆ, ಹೊರಗಣ ಮಳೆಗಾಲದ ತೇವವೂ ಒಳಗೆ ಹುಟ್ಟಿದ ತೇವಕ್ಕೆ ಜೊತೆಯಾಗುತ್ತದೆ.

ಇಲ್ಲಿ ಭದ್ರಾವತಿಯ ಇನ್ನೊಂದು ಕಾರ್ಖಾನೆಯ ನೆನಪು ಅಗತ್ಯವಾಗಿ ಬರುತ್ತದೆ. ಅಲ್ಲಿ ಸೌದೆಯನ್ನು ಕಾಯಿಸಿ ಇದ್ದಲು ಮಾಡುವಾಗ ಹೊರಟ ಹೊಗೆಯನ್ನು ವ್ಯರ್ಥವಾಗಗೊಡದೆ ತಣಿಸಿ, ಅದರಿಂದ ಮೆಥನಾಲ್ ಎಂಬ ಮದ್ಯಸಾರವನ್ನೂ, ಅಸಿಟಿಕ್ ಆಮ್ಲದ ಸುಣ್ಣದ ಲವಣವನ್ನೂ, ಟಾರನ್ನೂ ತೆಗೆಯುತ್ತಿದ್ದರು; ಸರ್ ಎಂ. ವಿಶ್ವೇಶ್ವರಯ್ಯನವರು ಮೇಲ್ವಿಚಾರಣೆ ವಹಿಸಿಕೊಂಡು ನಷ್ಟದಲ್ಲಿದ್ದ ಕಾರ್ಖಾನೆಯನ್ನು ಉಳಿಸಿಕೊಂಡ ಕಾಲದಲ್ಲಿ ಈ ಉಪೋತ್ಪನ್ನಗಳಿಗೂ ಬೆಲೆಯಿತ್ತು. ಅಸಿಟಿಕ್ ಆಮ್ಲ ಬಂದುದು ಬಹುಮಟ್ಟಿಗೆ ಹೆಮಿಸೆಲ್ಯುಲೋಸಿನಿಂದ, ಮೆಥನಾಲು ಬಂದುದು ಬಹುಮಟ್ಟಿಗೆ ಲಿಗ್ನಿನ್ನಿನಿಂದ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳಿಗೆ ಪರಿವರ್ತಕದ ಎಣ್ಣೆಯ ಮಾದರಿಯನ್ನು ಕಳುಹಿಸಿದರೆ ಅವರು ಅದರಲ್ಲಿ ಹುಡುಕುವುದು ಇಂಥವೇ ಭಗ್ನಾವಶೇಷಗಳನ್ನು: ಸಕ್ಕರೆಯ ಸರಪಣಿ ಮುರಿದು ಹುಟ್ಟುವ ಫರ್ಫುರಲ್, ಸಾವಯವ ಆಮ್ಲಗಳು, ನೀರು. ಈಚಿನ ವರ್ಷಗಳಲ್ಲಿ ಮೆಥನಾಲನ್ನೂ, ಸೆಲ್ಯುಲೋಸು ಮುರಿಯುತ್ತಿರುವುದರ ಕುರುಹೆಂದು, ಲೋಕದ ಪ್ರಯೋಗಾಲಯಗಳು ಅಳೆಯತೊಡಗಿವೆ. ಕುಲುಮೆಯ ಪಕ್ಕದ ಪಾತ್ರೆಯಲ್ಲಿ ಕೆಲವು ಗಂಟೆಗಳಲ್ಲಿ ಆಗುತ್ತಿದ್ದ ಕಾಷ್ಠವಿಘಟನೆಗೂ ಪರಿವರ್ತಕದೊಳಗೆ ಮೂವತ್ತು ನಲವತ್ತು ವರ್ಷಗಳಲ್ಲಿ ಆಗುವ ಕಾಗದದ ಜರೆಗೂ ವೇಗದಲ್ಲಿಯೂ ಹಾದಿಯ ವಿವರಗಳಲ್ಲಿಯೂ ಭೇದವಿದ್ದರೂ ಅವು ಒಂದೇ ರಸಾಯನಶಾಸ್ತ್ರದ ಎರಡು ಪ್ರಕರಣಗಳು. ಡೈಸಯನ್‌ಡಯಮೈಡಿನಂಥ ಸಾರಜನಕದ ಸಂಯುಕ್ತಗಳನ್ನು ಕಾಗದಕ್ಕೆ ಸೇರಿಸಿ ಈ ಜರೆಯನ್ನು ನಿಧಾನಗೊಳಿಸುವ ಉಪಾಯ 1950ರ ದಶಕದ ಕೊನೆಯಿಂದ ಪ್ರಚಾರಕ್ಕೆ ಬಂದಿದೆ. ಅಂಥ ಕಾಗದ 110 ಡಿಗ್ರಿಯನ್ನು ತಾಳುತ್ತದೆ.

ಭದ್ರಾವತಿಯ ಕಾಗದದ ಯಂತ್ರಗಳು 2015ರ ಸುಮಾರಿಗೆ ನಿಂತುಹೋದುವು. ಅವು ಪುನಃ ತಿರುಗುವುದು ಬಿಡುವುದು ಬಂಡವಾಳಕ್ಕೂ ಸರ್ಕಾರಕ್ಕೂ ಸೇರಿದ ಮಾತು. ಆದರೆ ತಿರುಳಿನ ವಿದ್ಯೆ ಅವುಗಳೊಡನೆ ನಿಲ್ಲಬೇಕಾಗಿಲ್ಲ. ಮಲೆನಾಡಿನ ಹೆಬ್ಬಿದಿರು, ಅಕೇಶಿಯಾ, ನೀಲಗಿರಿ, ಕಬ್ಬಿನ ಸಿಪ್ಪೆ ಇವುಗಳ ತಿರುಳನ್ನು ಆಮ್ಲದಿಂದಲೂ ಅಯಾನುರಹಿತ ನೀರಿನಿಂದಲೂ ತೊಳೆದು, ಪ್ರತಿಯೊಂದರಲ್ಲಿ ಉಳಿಯುವ ಸೋಡಿಯಂ, ಪೊಟಾಸಿಯಂ, ಕಾರ್ಬಾಕ್ಸಿಲ್ ಗುಂಪುಗಳನ್ನು ಅಳೆದು, ಅವುಗಳ ಪಕ್ಕದಲ್ಲಿ ಒಣ ಹಾಳೆಯ ರೋಧವನ್ನೂ ನೂರು ಡಿಗ್ರಿಯಲ್ಲಿನ ನಷ್ಟವನ್ನೂ ದಾಖಲಿಸುವ ಕೆಲಸವು ಒಬ್ಬ ಸಂಶೋಧನ ವಿದ್ಯಾರ್ಥಿಯ ಶಕ್ತಿಗೆ ಮೀರಿದುದಲ್ಲ. ಭದ್ರಾವತಿಗೆ ಸಮೀಪದಲ್ಲಿರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೂ ಶಿವಮೊಗ್ಗದ ಕಾಲೇಜುಗಳಲ್ಲಿಯೂ ರಸಾಯನಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಓದುತ್ತಿರುವ ತರುಣ ತರುಣಿಯರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದೂ, ಅಧ್ಯಾಪಕರು ಅವರಿಗೆ ಅದನ್ನು ವಹಿಸಿಕೊಡಬೇಕೆಂದೂ, ಫಲಿತಾಂಶವನ್ನು ಕನ್ನಡದಲ್ಲಿಯೂ ಬರೆಯಬೇಕೆಂದೂ ನಾನು ವಿಜ್ಞಾಪಿಸಿಕೊಳ್ಳುತ್ತೇನೆ.